ಸ್ವಭಾವವನ್ನು ಕೇಳಿ ತಿಳಿಯುವ ವಿದ್ಯೆ

ಬಿಳಿನೆಲೆ, ನೆಟ್ಟಣ, ಸುಬ್ರಹ್ಮಣ್ಯಗಳ ಸೀಮೆಯಲ್ಲಿ ಒಂದು ಮನೆಯಿಂದ ಮತ್ತೊಂದಕ್ಕೆ ತೋಟ, ತೋಡು, ಗುಡ್ಡಗಳನ್ನು ದಾಟಿಯೇ ಹೋಗಬೇಕಾಗಿದ್ದರೂ ಒಬ್ಬನ ಸ್ವಭಾವವೆಂಥದೆಂಬುದು ನೆರೆಕರೆಗೆ ತಿಳಿಯದೆ ಉಳಿಯುತ್ತಿರಲಿಲ್ಲ. ವಿವಾಹಸಂಬಂಧವನ್ನು ಕುದುರಿಸಲು ಹೊರಟ ಹಿರಿಯರು ವರನ ಸೋದರಮಾವನನ್ನು ವಿಚಾರಿಸುವರು, ತೋಟದ ಆಳುಗಳನ್ನು ವಿಚಾರಿಸುವರು, ಅಂಗಡಿಯ ಜಗಲಿಯಲ್ಲಿ ಕುಳಿತು ಬೇರೆ ಮಾತಿನ ನಡುವೆ ವಿಚಾರಿಸುವರು. ವರನನ್ನು ಮಾತ್ರ ಕೇಳುತ್ತಿರಲಿಲ್ಲ. ಒಂದು ದಿನದ ಕೋಪಕ್ಕೂ ಜನ್ಮಕ್ಕಂಟಿದ ಕೋಪಕ್ಕೂ ಇರುವ ಅಂತರವನ್ನು ಚೆನ್ನಾಗಿ ಬಲ್ಲ ಈ ಪದ್ಧತಿಯು, ಜಾಗದ ತಕರಾರಿನ ಹಗೆಯನ್ನೂ ಜಾತಿಯ ತಾತ್ಸಾರವನ್ನೂ ಸಾಕ್ಷ್ಯವೆಂದೇ ಸ್ವೀಕರಿಸಿಬಿಡುತ್ತಿದ್ದುದರಿಂದ, ಒಮ್ಮೆ ದುಷ್ಟನೆನಿಸಿಕೊಂಡವನಿಗೆ ತನ್ನ ಮಾತನ್ನು ಹೇಳಿಕೊಳ್ಳಲು ಎಡೆಯೇ ಇರಲಿಲ್ಲ.

ಪಾಶ್ಚಾತ್ಯ ಮನಶ್ಶಾಸ್ತ್ರವು ಹಿಡಿದ ದಾರಿ ಇದಕ್ಕೆ ತೀರ ವಿರುದ್ಧವಾದುದು. ಒಂದನೆಯ ಮಹಾಯುದ್ಧದ ರಣಾಂಗಣದಲ್ಲಿ ಮನಸ್ಸು ಕುಸಿಯಬಹುದಾದ ಸೈನಿಕರನ್ನು ಮುಂಚಿತವಾಗಿ ಗುರುತಿಸುವ ಸಲುವಾಗಿ ಅಮೆರಿಕದ ರಾಬರ್ಟ್ ವುಡ್‌ವರ್ತ್ ಎಂಬ ವಿದ್ವಾಂಸನು, ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸತಕ್ಕ ಪ್ರಶ್ನೆಗಳ ಪಟ್ಟಿಯೊಂದನ್ನು ರಚಿಸಿದನು. ಅದು ಬಳಕೆಗೆ ಬರುವ ಮೊದಲೇ ಯುದ್ಧವು ಮುಗಿಯಿತು. 1943ರಲ್ಲಿ ಮಿನ್ನೆಸೋಟದ ಹ್ಯಾಥವೇ, ಮೆಕಿನ್ಲಿ ಎಂಬಿಬ್ಬರು ಐನೂರಕ್ಕೂ ಮಿಕ್ಕ ವಾಕ್ಯಗಳ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಉತ್ತರಿಸುವವನು ತನ್ನನ್ನು ಸಜ್ಜನನೆಂದು ತೋರಿಸಿಕೊಳ್ಳುವ ಆಸೆಗೆ ವಶನಾಗಿರುವನೇ ಎಂಬುದನ್ನು ಪತ್ತೆಮಾಡುವ ವಾಕ್ಯಗಳನ್ನೂ ಅವರು ಅದರಲ್ಲಿ ಹುದುಗಿಸಿದ್ದರು. ನೆಟ್ಟಣದ ಕಿದುವಿನಲ್ಲಿರುವ ಸಂಶೋಧನಾ ಕೇಂದ್ರದಲ್ಲಿ ನಾನಾ ದೇಶಗಳ ತೆಂಗಿನ ತಳಿಗಳನ್ನು ನೆಟ್ಟು, ಅವುಗಳ ಕಾಂಡ, ಗರಿ, ಕಾಯಿಗಳ ಲಕ್ಷಣಗಳನ್ನು ಅಳೆದು ವಿಂಗಡಿಸುತ್ತಾರಷ್ಟೆ. ಅಲ್ಲಿ ಅಳತೆಗೆ ಒಳಗಾದ ಮರಕ್ಕೆ ತನ್ನ ವಿಷಯದಲ್ಲಿ ಅಭಿಪ್ರಾಯವೆಂಬುದಿಲ್ಲ. ಮನುಷ್ಯನಿಗೆ ಉಂಟು, ಅವನನ್ನೇ ಕೇಳಬೇಕು, ಕೇಳಿದುದನ್ನು ಪೂರ್ತಿ ನಂಬಲೂ ಆಗದು.

ಕನ್ನಡನಾಡಿನಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು. ಬುದ್ಧಿಮಾಪನದ ಆಚಾರ್ಯನಾದ ಸ್ಪಿಯರ್‌ಮನ್ನನ ಬಳಿ ಲಂಡನ್ನಿನಲ್ಲಿ ಕಲಿತು ಬಂದ ಅವರು ಬುದ್ಧಿಯ ಅಳತೆಗೋಲುಗಳನ್ನು ಇಲ್ಲಿಗೆ ಒಗ್ಗಿಸಿದರು. ರೋಗಿಯ ಮಗ್ಗುಲಲ್ಲಿ ಕುಳಿತು ಸ್ವಭಾವವನ್ನು ಪರೀಕ್ಷಿಸುವವರ ಶಿಕ್ಷಣವು ನೆಲೆಗೊಂಡದ್ದು ಬೆಂಗಳೂರಿನಲ್ಲಿ, 1954ರಲ್ಲಿ ಸ್ಥಾಪಿತವಾಗಿ 1974ರಲ್ಲಿ ನಿಮ್ಹಾನ್ಸ್ ಎಂಬ ರೂಪವನ್ನು ತಳೆದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಆದರಣೀಯವಾಗಿ ತೋರುವ ಘಟ್ಟವು ಇದರ ಮುಂದಿನದು. ವಿಶ್ವ ಆರೋಗ್ಯ ಸಂಸ್ಥೆಯು ಅಮೆರಿಕದ ಆರ್ಮಂಡ್ ಲೊರಾಂಜರರ ಪರೀಕ್ಷಾಕ್ರಮವನ್ನು ಆಧರಿಸಿ ವ್ಯಕ್ತಿತ್ವವಿಕಾರಗಳ ಅಂತಾರಾಷ್ಟ್ರೀಯ ಪರೀಕ್ಷೆಯೊಂದನ್ನು ಸಿದ್ಧಪಡಿಸಿ, 11 ದೇಶಗಳ 14 ಕೇಂದ್ರಗಳಲ್ಲಿ 716 ಮಂದಿ ರೋಗಿಗಳ ಮೇಲೆ ಅದನ್ನು ಪ್ರಯೋಗಿಸಿ ನೋಡಿ, ಫಲಿತಾಂಶವನ್ನು 1994ರಲ್ಲಿ ಪ್ರಕಟಿಸಿತು. ಆ ಕೇಂದ್ರಗಳಲ್ಲಿ ಬೆಂಗಳೂರು ಒಂದು. ಪರೀಕ್ಷೆಯು ಭಾಷಾಂತರಗೊಂಡ ಭಾಷೆಗಳಲ್ಲಿ ಕನ್ನಡವೂ ಒಂದು. ಮೊದಲು ಸರಿ, ತಪ್ಪು ಎಂದು ಗುರುತಿಸುವ ಚಿಕ್ಕ ಪ್ರಶ್ನಾವಳಿ; ಅದು ಜರಡಿಯೇ ಹೊರತು ತೀರ್ಪಲ್ಲ. ತರುವಾಯ ಸಂದರ್ಶನ. ರೋಗಿಯು ಹೌದೆಂದರೆ ಸಾಲದು, ತನ್ನ ಬಾಳಿನಿಂದ ದೃಷ್ಟಾಂತವನ್ನು ಕೊಡಬೇಕು. ಆ ಲಕ್ಷಣವು ಐದು ವರ್ಷಗಳಾದರೂ ಇದ್ದಿರಬೇಕು. ವಿಕಾರದ ಒಂದು ಲಕ್ಷಣವಾದರೂ ಇಪ್ಪತ್ತೈದನೆಯ ವಯಸ್ಸಿನೊಳಗೆ ತಲೆದೋರಿರಬೇಕು. ಅವಶ್ಯವಿದ್ದಲ್ಲಿ ಅವನನ್ನು ಬಲ್ಲವರ ಮಾತನ್ನೂ ಕೇಳಬಹುದು. ನೆರೆಕರೆಯು ಬಲ್ಲ ದೀರ್ಘಕಾಲದ ಅರಿವನ್ನು ಬಿಟ್ಟುಕೊಡದೆ, ಪರೀಕ್ಷೆಗೊಳಗಾದವನ ಬಾಯನ್ನೂ ಕಟ್ಟದೆ, ಎರಡಕ್ಕೂ ಎಡೆಗೊಟ್ಟ ಈ ವಿಧಾನದಲ್ಲಿ ವಿಜ್ಞಾನದೊಡನೆ ನ್ಯಾಯಬುದ್ಧಿಯೂ ಉಂಟು.

ಆಮೇಲೆ ವ್ಯಕ್ತಿತ್ವವಿಕಾರಗಳ ವರ್ಗೀಕರಣವೇ ಬದಲಾಯಿತು. ಅಮೆರಿಕದಲ್ಲಿ 220 ವಾಕ್ಯಗಳಿಂದ 25 ಗುಣಲಕ್ಷಣಗಳನ್ನು ಅಳೆಯುವ ಪ್ರಶ್ನಾವಳಿ ಬಂದಿತು. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗವರ್ಗೀಕರಣವು ಹಳೆಯ ಹೆಸರುಗಳನ್ನು ಬಹುಮಟ್ಟಿಗೆ ಕೈಬಿಟ್ಟು, ವಿಕಾರವು ಸೌಮ್ಯವೋ ಮಧ್ಯಮವೋ ತೀವ್ರವೋ ಎಂಬುದನ್ನು ಮೊದಲು ನಿಶ್ಚಯಿಸಲು ಹೇಳುತ್ತದೆ. ಮನುಷ್ಯನಿಗೆ ಹಣೆಪಟ್ಟಿ ಕಟ್ಟುವುದಕ್ಕಿಂತ ಅವನ ಬಾಧೆಯ ಪ್ರಮಾಣವನ್ನು ಕೇಳುವುದು ಉತ್ತಮವಾದುದರಿಂದ ಇದು ಸ್ವಾಗತಾರ್ಹ.

ಆದರೆ ನೆಟ್ಟಣದ ನಿಲ್ದಾಣದಲ್ಲಿ ರೈಲು ಹತ್ತಿ ಬೆಂಗಳೂರಿನ ಚಿಕಿತ್ಸಾಲಯಕ್ಕೆ ಹೋಗುವವನು ಮನೆಯಲ್ಲಿ ತುಳುವನ್ನೋ ಅರೆಭಾಷೆಯನ್ನೋ ಮಲಯಾಳವನ್ನೋ ಆಡುವವನಾಗಿರಬಹುದು. ಅವನ ಸಿಟ್ಟು, ಮುನಿಸು, ಅಭಿಮಾನಗಳೆಲ್ಲ ಆ ನುಡಿಯಲ್ಲಿಯೇ ಬೆಳೆದವು. ಶಿಷ್ಟ ಕನ್ನಡದ ವಾಕ್ಯದೆದುರು ಅವನು ಹಾಕುವ ಗುರುತನ್ನು ಓದುವವರು ಆ ಬದುಕನ್ನೂ ಸ್ವಲ್ಪ ಅರಿತಿರಬೇಕು. ತಂದೆಯನ್ನು ಕೇಳದೆ ತೋಟದ ಒಂದು ಮರವನ್ನೂ ಕಡಿಯದ ನಲವತ್ತರ ಮಗನು, ಪ್ರಶ್ನಾವಳಿಯಲ್ಲಿ ಪರಾವಲಂಬಿಯೆಂದು ಕಾಣಿಸಿಕೊಳ್ಳುವುದು ಸುಲಭ. ತಂದೆಯಿಲ್ಲದ ದಿನ ಅವನು ಕೂಲಿ ಬಟವಾಡೆಯನ್ನೂ ಅಡಿಕೆ ಮಾರಾಟವನ್ನೂ ಹೇಗೆ ನಡೆಸುತ್ತಾನೆಂದು, ಅವನ ಮನೆಮಾತಿನಲ್ಲಿಯೇ, ಅವನೆದುರು ಕುಳಿತು ಕೇಳಿದ ಮೇಲಲ್ಲವೆ ಅವನಿಗೆ ಅಂಕ ಹಾಕತಕ್ಕದ್ದು?