ರೋಜೆಯ ಪದಭಂಡಾರವೂ ಅಮರಕೋಶವೂ

ಆಂಗ್ಲಭಾಷೆಯ ಶಬ್ದಗಳನ್ನು ಅಭ್ಯಾಸಮಾಡುವವರಿಗೆ ಎರಡು ಬಗೆಯ ತೊಡಕುಗಳುಂಟು. ಶಬ್ದವು ಕಣ್ಣೆದುರಿಗಿದ್ದು ಅರ್ಥವು ತಿಳಿಯದಿರುವುದೊಂದು. ಅರ್ಥವು ಮನಸ್ಸಿನಲ್ಲಿದ್ದು ಶಬ್ದವು ನಾಲಗೆಗೆ ಬಾರದಿರುವುದು ಮತ್ತೊಂದು. ಮೊದಲನೆಯದಕ್ಕೆ ಜಾನ್ಸನ್ನನು 1755ರಲ್ಲಿ ಪ್ರಕಟಿಸಿದಂತಹ ಅಕಾರಾದಿ ನಿಘಂಟುಗಳು ಸಾಕು. ಎರಡನೆಯದಕ್ಕೆ ಉಪಾಯವನ್ನು ಕಲ್ಪಿಸಿದವನು ಪೀಟರ್ ಮಾರ್ಕ್ ರೋಜೆ ಎಂಬ ಲಂಡನ್ನಿನ ವೈದ್ಯನು.

ಈತನು ಸ್ವಂತ ಬರವಣಿಗೆಯ ಸೌಕರ್ಯಕ್ಕಾಗಿ 1805ರಲ್ಲಿಯೇ ಒಂದು ಪದಪಟ್ಟಿಯನ್ನು ಸಿದ್ಧಪಡಿಸಿಕೊಂಡಿದ್ದನು. ಅದನ್ನೇ ಬೆಳೆಯಿಸಿ, ಥೆಸಾರಸ್, ಎಂದರೆ ಭಂಡಾರ, ಎಂಬ ಹೆಸರಿನಿಂದ 1852ರಲ್ಲಿ ಅಚ್ಚುಹಾಕಿಸಿದನು. ಅದರಲ್ಲಿ ಆರು ವರ್ಗಗಳೂ 1000 ಶೀರ್ಷಿಕೆಗಳೂ ಇದ್ದುವು. 'ಇರವು' ಎಂಬುದರ ಪಕ್ಕದಲ್ಲಿ 'ಇಲ್ಲದಿರುವಿಕೆ'. ಹೀಗೆ ವಿರುದ್ಧಾರ್ಥಗಳು ಜೋಡಿಯಾಗಿ ನಿಲ್ಲುತ್ತವೆ. ಅರ್ಥವಿವರಣೆ ಇಲ್ಲ.

ಆ ಗ್ರಂಥದ ಪೀಠಿಕೆಯ ಅಡಿಟಿಪ್ಪಣಿಯೊಂದು ನಮ್ಮವರು ನೋಡತಕ್ಕದ್ದು. ಇಂತಹ ಪ್ರಯತ್ನಗಳಲ್ಲಿ ಅತ್ಯಂತ ಪ್ರಾಚೀನವಾದುದು ಅಮರಸಿಂಹನ ಕೋಶವೆಂದು ರೋಜೆಯು ಒಪ್ಪಿ, ಕೋಲ್‌ಬ್ರೂಕನು 1808ರಲ್ಲಿ ಶ್ರೀರಾಂಪುರದಲ್ಲಿ ಮುದ್ರಿಸಿದ ಭಾಷಾಂತರವನ್ನು ಹೆಸರಿಸುತ್ತಾನೆ. ಭೂಮಿ, ಪುರ, ಸಸ್ಯ, ಪ್ರಾಣಿಗಳ ವಿಭಾಗವನ್ನು ಮೆಚ್ಚುತ್ತಾನೆ. ಆದರೆ ಮೊದಲನೆಯ ವರ್ಗದಲ್ಲಿ ದೇವತೆಗಳು, ಅಗ್ನಿ, ವಾಯು, ವೇಗ, ನಿತ್ಯತೆ, ಅತಿಶಯ ಇವೆಲ್ಲ ಒಂದೇ ಕಡೆ ಬಂದುದನ್ನು ಕಂಡು, ಕ್ರಮವು ಗೊಂದಲವಾದುದೆಂದು ತೀರ್ಪು ಕೊಡುತ್ತಾನೆ.

ಈ ತೀರ್ಪು ಅವಸರದ್ದು. ಸ್ವರ್ಗವರ್ಗದಲ್ಲಿ ಅಗ್ನಿಯೂ ವಾಯುವೂ ದಿಕ್ಪಾಲಕರಾಗಿ ಬಂದಿರುವರೇ ಹೊರತು ಜಡಭೂತಗಳಾಗಿ ಅಲ್ಲ. ವಾಯುವಿನ ಗುಣ ವೇಗ. ಆದುದರಿಂದ ಆತನ ಬೆನ್ನಿಗೇ ರಯ, ಜವ, ಶೀಘ್ರ ಎಂಬ ಪದಗಳು. ಬಿಡದೆ ಬೀಸುವುದರಿಂದ ಸತತ, ಅನವರತ. ಮಿತಿಮೀರಿ ಬೀಸುವುದರಿಂದ ಅತಿಶಯ, ಭೃಶ. ಅಲ್ಲಿಂದ ಮುಂದಿನ ದಿಕ್ಪಾಲಕನಾದ ಕುಬೇರ. ಬಾಯಿಪಾಠ ಮಾಡುವ ಬಾಲಕನಿಗೆ ಒಂದು ಪದವು ಮುಂದಿನ ಪದವನ್ನು ಕೈಹಿಡಿದು ತರಬೇಕು. ಪುಸ್ತಕವನ್ನು ತೆರೆದು ಹುಡುಕುವವನಿಗೆ ಈ ಸರಪಣಿ ಕಾಣದು. ಭಾಷಾಂತರದಲ್ಲಿ ಅದು ಕಾಣದಿದ್ದುದು ರೋಜೆಯೊಬ್ಬನ ತಪ್ಪೇನೂ ಅಲ್ಲ.

ಭಾವವಾಚಕಗಳ ವಿಷಯದಲ್ಲಿ ರೋಜೆಯ ಕೈ ಮೇಲೆಂಬುದನ್ನು ಒಪ್ಪಲೇಬೇಕು. ಪಾಪಪುಣ್ಯಗಳನ್ನು ಅಮರನು ಕಾಲವರ್ಗದ ಕೊನೆಗೆ ಸೇರಿಸಿದುದಕ್ಕೆ ಸಮಾಧಾನ ಹೇಳುವುದು ಸುಲಭವಲ್ಲ.

ಆದರೆ ರೋಜೆಯ ವರ್ಗೀಕರಣವೂ ಓದುಗರಿಗೆ ತಾನಾಗಿ ಕೈಗೆ ಹತ್ತಲಿಲ್ಲ. ಗ್ರಂಥದ ಕೊನೆಯಲ್ಲಿ ಅಕಾರಾದಿ ಸೂಚಿ ಬೇಕಾಯಿತು. ಮಗನಾದ ಜಾನ್ ಲೂಯಿಸ್ ರೋಜೆಯು 1879ರ ಆವೃತ್ತಿಯಲ್ಲಿ ಅದನ್ನು ಬಹಳವಾಗಿ ವಿಸ್ತರಿಸಿದನು. ಅಮರನೂ ಮೂರನೆಯ ಕಾಂಡದ ನಾನಾರ್ಥವರ್ಗದಲ್ಲಿ ಅರ್ಥಕ್ರಮವನ್ನು ಬಿಟ್ಟು, ಕಾಂತ, ಖಾಂತ ಎಂದು ಕಡೆಯ ವ್ಯಂಜನವನ್ನು ಹಿಡಿದೇ ಶಬ್ದಗಳನ್ನು ಅಡಕಿದ್ದಾನೆ. ಇದನ್ನು ರೋಜೆಯ ಟಿಪ್ಪಣಿಯು ಹೇಳುವುದಿಲ್ಲ.