ಮರ್ಸರ್‌ನ ಅರ್ಜಿ

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲಾಸಂಗ್ರಹದಲ್ಲಿ 1822ರ ಒಂದು ತೈಲಚಿತ್ರವಿದೆ. ಚಿತ್ರದಲ್ಲಿರುವವನು ಎಲಿ ವಿಟ್ನಿ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಗೆ ಪೇಟೆಂಟ್ ಪಡೆದವನು. ಬರೆದವನು ಸ್ಯಾಮ್ಯುಯೆಲ್ ಮೋರ್ಸ್. ಮುಂದೆ ತಂತಿ ಸಂದೇಶದಿಂದ ಹೆಸರಾದ ಅದೇ ಮೋರ್ಸ್ ಆಗ ಭಾವಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದ. ವಿಟ್ನಿ ತನ್ನ ತಂದೆಗೆ 1793ರ ಸೆಪ್ಟೆಂಬರಿನಲ್ಲಿ ಬರೆದ ಕಾಗದವೂ ಉಳಿದಿದೆ. ಒಬ್ಬ ಆಳು, ಒಂದು ಕುದುರೆ ಇದ್ದರೆ ಹಳೆಯ ಯಂತ್ರದ ಐವತ್ತು ಜನಕ್ಕಿಂತ ಹೆಚ್ಚು ಕೆಲಸವಾಗುತ್ತದೆ, ಆದರೂ ಯಾವ ವರ್ಗದವರ ಕೆಲಸಕ್ಕೂ ಕುತ್ತು ಬರುವುದಿಲ್ಲ ಎಂದು ಅದರಲ್ಲಿ ಹೇಳಿಕೊಂಡಿದ್ದಾನೆ. ಆ ಸೀಮೆಯಲ್ಲಿ ಹತ್ತಿ ಬಿಡಿಸುತ್ತಿದ್ದವರು ಗುಲಾಮರು. ಜಿನ್ನು ಬಂದ ಮೇಲೆ ಹತ್ತಿಯ ಹೊಲ ಹಬ್ಬಿತು, ಹೊಲದ ಜೊತೆಗೆ ಗುಲಾಮಗಿರಿಯೂ ಹಬ್ಬಿತು. ಹೌದು, ಯಾರ ಕೆಲಸವೂ ಹೋಗಲಿಲ್ಲ!

ಈ ಕಾಗದಗಳ ಗೊಡವೆ ನಮಗೇಕೆ ಎಂದು ನೀವು ಕೇಳಬಹುದು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದು ಕೇಳುತ್ತ ಬೆಳೆದ ನನಗೆ ಸೀರೆಯಿಂದ ನೂಲಿಗೆ, ನೂಲಿನಿಂದ ಹತ್ತಿಗೆ ಹಿಂದಕ್ಕೆ ಹೋಗುವುದು ಒಂದು ಚಟ. ಹಾಗೆ ಹೋದಾಗ ದಾರಿಯಲ್ಲಿ ಸಿಕ್ಕಿದವರು ಈ ಅಮೆರಿಕನ್ನರು.

ಇಂಗ್ಲೆಂಡಿನ ಗಿರಣಿಗಳು ಅಮೆರಿಕದ ಹತ್ತಿಯನ್ನೇ ನಂಬಿ ಕೂತಿದ್ದವು. ಅದು ತಪ್ಪಿದರೆ ಏನು ಗತಿ ಎಂಬ ಚಿಂತೆ ಅವರದು. ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಕ್ಯಾಪ್ಟನ್ ಬೇಲ್ಸ್ ಎಂಬವನ ಮೂಲಕ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆಸಿತು. ಬೀಜ, ನೇಗಿಲು, ಗರಗಸದ ಜಿನ್ನು ಎಲ್ಲವೂ ಬಂದವು. ನಮ್ಮ ರೈತರಿಗೆ ಹತ್ತಿ ಬೆಳೆಯುವುದನ್ನು ಕಲಿಸಬೇಕಿತ್ತು. ಧಾರವಾಡ ಜಿಲ್ಲೆಯಲ್ಲಿ ಕಲೆಕ್ಟರ್ ಶಾ ಈ ಕೆಲಸಕ್ಕೆ ಬೆನ್ನಾಗಿ ನಿಂತ. ಹುಬ್ಬಳ್ಳಿ ಹತ್ತಿರದ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲ ಎದ್ದಿತು. ಅಲ್ಲಿಂದ ಕುಂದಗೋಳ ದೂರವಿಲ್ಲ. ಆ ಕುಂದಗೋಳ ಆಗ ಜಮಖಂಡಿ ಪಟವರ್ಧನರ ಸಂಸ್ಥಾನಕ್ಕೆ ಸೇರಿದ್ದು. ಅಂದರೆ ಕಂಪನಿಯ ಪಾಠಶಾಲೆ ಜಮಖಂಡಿಯವರ ಎರೆಹೊಲದ ನೆರೆಯಲ್ಲೇ ಇತ್ತು.

ಹೀಗೆ ಧಾರವಾಡಕ್ಕೆ ಬಂದವರಲ್ಲಿ ಒಬ್ಬ ಮರ್ಸರ್. 1845ರಲ್ಲಿ ಅವನು ಸರ್ಕಾರಕ್ಕೆ ಸಲ್ಲಿಸಿದ ಅರಿಕೆಯ ಸಾರಾಂಶ ಆ ಕಾಲದ ಹತ್ತಿಯ ಪುಸ್ತಕಗಳಲ್ಲಿ ಅಚ್ಚಾಗಿದೆ. ಪ್ರಯೋಗದ ಹೊಲಗಳು ಸರ್ಕಾರಕ್ಕೆ ದಂಡದ ಖರ್ಚು. ಅಮೆರಿಕದ ಪದ್ಧತಿ ಈ ದೇಶಕ್ಕೆ ಒಗ್ಗುವುದಿಲ್ಲ. ಇಲ್ಲಿಯ ಹವೆ ಮತ್ತು ಮಣ್ಣಿನ ಗುಣ ಬಲ್ಲ ಇಲ್ಲಿಯ ರೈತ ಯಾವ ಯುರೋಪಿಯನ್ನನಿಗಿಂತಲೂ ಚೆನ್ನಾಗಿ, ಅದಕ್ಕಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಬೆಳೆಯಬಲ್ಲ. ಆದ್ದರಿಂದ ಈ ಹೊಲಗಳನ್ನು ಮುಚ್ಚಿಬಿಡಿ. ಕಲಿಸಲು ಸಂಬಳ ಪಡೆದವನು ಕಲಿಸುವುದೇನೂ ಇಲ್ಲ ಎಂದು ಬರೆದುಕೊಡುವುದು ಯಾವ ಕಾಲದ ದಫ್ತರದಲ್ಲೂ ಅಪರೂಪ. ವಿಟ್ನಿಯನ್ನು ನೋಡಲು ಮೋರ್ಸ್‌ನ ಚಿತ್ರವಿದೆ. ಮರ್ಸರ್‌ನ ಮುಖ ನನಗೆ ಕಾಣುವುದು ಈ ಅರ್ಜಿಯಲ್ಲಿ.

ಅವನು ನೋಡಿದ್ದೇನು ಎಂದು ಊಹಿಸುವುದು ನಮ್ಮ ಕಡೆಯವರಿಗೆ ಕಷ್ಟವಲ್ಲ. ಮುಧೋಳ, ಬೀಳಗಿಯ ಎರೆಯಲ್ಲೂ ಅದೇ ಲೆಕ್ಕ: ಜೋಳಕ್ಕೂ ಹತ್ತಿಗೂ ಸರದಿ, ಕೂರಿಗೆಯಲ್ಲಿ ಬಿತ್ತನೆ, ಮಳೆ ನಿಂತ ಮೇಲೆ ನೆಲದ ಹಸಿಯನ್ನೇ ನಂಬಿ ಬೆಳೆ. ಇದನ್ನು ಯಾರೂ ಕಾಗದದಲ್ಲಿ ಬರೆದಿಡಲಿಲ್ಲ. ನಮ್ಮ ರೈತನ ಜಾಣತನಕ್ಕೆ ಅಂದಿನ ಸಾಕ್ಷಿ ಬೇಕೆಂದರೆ ಪರದೇಶದವನ ಅರ್ಜಿಯನ್ನೇ ಹುಡುಕಬೇಕಾಗಿದೆ, ಅದರಲ್ಲೂ ಒಬ್ಬ ರೈತನ ಹೆಸರಿಲ್ಲ. ಗುಲಾಮರ ದುಡಿಮೆಯ ಮೇಲೆ ನಿಂತ ಸೀಮೆಯಿಂದ ಬಂದವನು ಈ ಮಾತು ಬರೆದ ಎಂಬುದನ್ನೂ ನಾನು ಮರೆಯಲಾರೆ. ಅವನು ಒಪ್ಪಿಕೊಂಡದ್ದು ಹೊಲದ ವಿದ್ಯೆಯನ್ನು ಮಾತ್ರ.

ಆದರೆ ಅಮೆರಿಕದ ಬೀಜ ಮಾತ್ರ ಹೋಗಲಿಲ್ಲ. ನ್ಯೂ ಆರ್ಲಿಯನ್ಸ್ ತಳಿಯನ್ನು ಧಾರವಾಡದ ರೈತರು ತಮ್ಮ ಪದ್ಧತಿಯಲ್ಲೇ ಬೆಳೆದು ತಮ್ಮದಾಗಿಸಿಕೊಂಡರು. ಅವರಿಗೆ ಅದು ವಿಲಾಯತಿ ಹತ್ತಿ, ಪೇಟೆಯಲ್ಲಿ ಧಾರವಾಡ-ಅಮೆರಿಕನ್. ಕುಮಟೆಯ ಬಂದರಿನಿಂದ ಹಡಗು ಹತ್ತುತ್ತಿದ್ದ ಜವಾರಿ ಹತ್ತಿಗೆ ಕುಮಟಾ ಎಂದೇ ಹೆಸರು. ವಿಲಾಯತಿ ಹತ್ತಿಗೆ ಗರಗಸದ ಜಿನ್ನು ಸರಿಹೋಯಿತು. ಜವಾರಿಯ ಎಳೆಯನ್ನು ಅದು ಕತ್ತರಿಸಿ ಹಾಳುಮಾಡುತ್ತಿತ್ತು. ಹಾಗಾಗಿ ಜವಾರಿ ಹತ್ತಿ ಹೆಂಗಸರ ಕಾಲ ಕೆಳಗೇ ಉಳಿಯಿತು: ಗಿಡ್ಡ ಮಣೆಯ ಮೇಲೆ ಕೂತು, ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸುತ್ತ, ಕೈಯಿಂದ ಹತ್ತಿ ಒಡ್ಡುತ್ತ, ದಿನವಿಡೀ. ಕೆಲಸ ನಿಧಾನ, ಆದರೆ ಅರಳೆ ಕೆಡುತ್ತಿರಲಿಲ್ಲ. ಈ ಹೆಂಗಸರ ವಿಷಯಕ್ಕೆ ಮರ್ಸರ್‌ನಂಥ ಅರ್ಜಿದಾರನೂ ಸಿಗಲಿಲ್ಲ.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು, ಅಲ್ಲಿಯ ಹತ್ತಿ ನಿಂತಿತು, ಇಲ್ಲಿಯ ದರ ಏರಿತು. ಗಿರಣಿಯವರು ಭಯಪಟ್ಟದ್ದು ನಿಜವಾಗಿತ್ತು. ದರ ಏರಿದಂತೆ ಜವಾರಿಯನ್ನೂ ವಿಲಾಯತಿಯನ್ನೂ ಕಲಸಿ ಮಾರುವ ದಂಧೆಯೂ ಬೆಳೆಯಿತು. ಅಂಡಿಗೆಗಳಲ್ಲಿ ಹತ್ತಿಕಾಳು, ಕಸ ಸೇರಿದವು. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಕಲಬೆರಕೆಯ ವಿರುದ್ಧ ಕಾಯಿದೆ ತಂದಿತು, ಪರೀಕ್ಷಿಸಲು ಇನ್‌ಸ್ಪೆಕ್ಟರರು ಬಂದರು. ಮರ್ಸರ್ ಅರ್ಜಿ ಬರೆದು ಆಗ ಹದಿನೆಂಟು ವರ್ಷವಾಗಿತ್ತು. ದಫ್ತರದ ಕಾಗದಗಳಲ್ಲಿ ಈ ಸೀಮೆಯ ಹತ್ತಿಯವರು ಮತ್ತೆ ಕಾಣಿಸಿಕೊಂಡರು, ಈ ಸಲ ಮೋಸಗಾರರ ಯಾದಿಯಲ್ಲಿ.