ಬರ್ಕ್ಲಿ ಸಾಕೆಟ್: ಹುಟ್ಟು, ರೂಪ, ಪ್ರಸಾರ

ಒಂದು ಕಂಪ್ಯೂಟರಿನಲ್ಲಿ ಓಡುತ್ತಿರುವ ಪ್ರೋಗ್ರಾಮು ಜಾಲದಾಚೆಯ ಮತ್ತೊಂದು ಪ್ರೋಗ್ರಾಮಿನೊಡನೆ ಮಾಹಿತಿ ವಿನಿಮಯ ಮಾಡಿಕೊಳ್ಳಬೇಕಾದರೆ ಎರಡೂ ಬದಿಯಲ್ಲಿ ಆಪರೇಟಿಂಗ್ ಸಿಸ್ಟಮ್ ಒದಗಿಸುವ ಒಂದೊಂದು ತುದಿ ಬೇಕಾಗುತ್ತದೆ. ಆ ತುದಿಗೆ ಸಾಕೆಟ್ ಎಂದು ಹೆಸರು. ಸಾಕೆಟನ್ನು ಸೃಷ್ಟಿಸಲು, ಅದಕ್ಕೆ ವಿಳಾಸ ಕೊಡಲು ಮತ್ತು ಅದರ ಮೂಲಕ ಓದುಬರಹ ನಡೆಸಲು ಸಿ ಭಾಷೆಯಲ್ಲಿ ರೂಢಿಗೆ ಬಂದಿರುವ ಫಂಕ್ಷನ್‌ಗಳ ಸಮೂಹ ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಮೊದಲ ವರ್ಷಗಳಲ್ಲಿ ರೂಪುಗೊಂಡಿತು. ಅದು ಜಗತ್ತಿನಾದ್ಯಂತ ಹಬ್ಬಿದ್ದಕ್ಕೆ ವಿನ್ಯಾಸದ ಗುಣ ಒಂದು ಕಾರಣವಾದರೆ, ಅದನ್ನು ಹೊತ್ತು ತಂದ ಸಾಫ್ಟ್‌ವೇರ್ ಹಂಚಿಕೆಯಾದ ರೀತಿ ಅದಕ್ಕಿಂತ ದೊಡ್ಡ ಕಾರಣ.

ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮನ್ನು ಜಾಲಕ್ಕೆ ಜೋಡಿಸಿದವರಲ್ಲಿ ಬರ್ಕ್ಲಿಯವರು ಮೊದಲಿಗರಲ್ಲ. ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ 1969ರಲ್ಲಿ ಆರಂಭಿಸಿದ ಆರ್ಪಾನೆಟ್ ಎಂಬ ಜಾಲಕ್ಕೆ ಇಲಿನಾಯ್ ವಿಶ್ವವಿದ್ಯಾಲಯದವರು 1975ರ ಹೊತ್ತಿಗೇ ಯೂನಿಕ್ಸನ್ನು ಸೇರಿಸಿದ್ದರು. ಯೂನಿಕ್ಸಿನಲ್ಲಿ ಡಿಸ್ಕು, ಟರ್ಮಿನಲ್, ಟೇಪು ಎಲ್ಲವೂ ಫೈಲಿನ ವೇಷದಲ್ಲೇ ಕಾಣಿಸಿಕೊಳ್ಳುವುದರಿಂದ ಅವರು ದೂರದ ಕಂಪ್ಯೂಟರನ್ನೂ ಒಂದು ವಿಶೇಷ ಫೈಲಾಗಿಯೇ ತೋರಿಸಿದರು; ಆ ಹೆಸರಿನ ಫೈಲನ್ನು ಎಂದಿನ ಓಪನ್ ಕರೆಯಿಂದ ತೆರೆದರೆ ಸಂಪರ್ಕ ಏರ್ಪಡುತ್ತಿತ್ತು. ಈ ಕ್ರಮ ಸೊಗಸಾಗಿತ್ತು. ಆದರೆ ಕರೆ ಮಾಡುವವನಿಗೆ ಒಗ್ಗಿದಷ್ಟು ಸುಲಭವಾಗಿ ಅದು ಕರೆಗಾಗಿ ಕಾದು ಕೂರುವವನಿಗೆ ಒಗ್ಗುತ್ತಿರಲಿಲ್ಲ, ಹಾಗೂ ಸಂಪರ್ಕವನ್ನೇ ಸ್ಥಾಪಿಸದೆ ಬಿಡಿಬಿಡಿ ಸಂದೇಶಗಳನ್ನು ಕಳುಹಿಸುವ ಪದ್ಧತಿಗೆ ಅದರಲ್ಲಿ ಸಹಜವಾದ ಜಾಗವಿರಲಿಲ್ಲ.

ಆರ್ಪಾನೆಟ್ಟನ್ನು ಸ್ಥಾಪಿಸಿದ ಅದೇ ಸಂಸ್ಥೆ, ಆ ವೇಳೆಗೆ ಡಾರ್ಪಾ ಎಂಬ ಹೆಸರು ಪಡೆದಿದ್ದು, ತನ್ನ ಅನುದಾನದಲ್ಲಿ ನಡೆಯುವ ಸಂಶೋಧನಾಲಯಗಳು ಬಗೆಬಗೆಯ ಯಂತ್ರಗಳನ್ನು ಕೊಂಡರೂ ಅವುಗಳ ಮೇಲೆ ಒಂದೇ ಆಪರೇಟಿಂಗ್ ಸಿಸ್ಟಮ್ ಇರಲೆಂದು ಬಯಸಿ ಯೂನಿಕ್ಸನ್ನು ಆರಿಸಿಕೊಂಡಿತು. ಬರ್ಕ್ಲಿಯ ಪ್ರಾಧ್ಯಾಪಕ ಬಾಬ್ ಫ್ಯಾಬ್ರಿ ಸಲ್ಲಿಸಿದ ಪ್ರಸ್ತಾವಕ್ಕೆ ಒಪ್ಪಿಗೆ ದೊರೆತು 1980ರಲ್ಲಿ ಅಲ್ಲಿ ಒಂದು ಸಂಶೋಧನಾ ಗುಂಪು ಏರ್ಪಟ್ಟಿತು. ಅದರ ಪ್ರೋಗ್ರಾಮಿಂಗಿನ ಬಹುಪಾಲು ಭಾರ ಬಿಲ್ ಜಾಯ್ ಮೇಲೆ ಬಿತ್ತು. ವಿನ್ಯಾಸಕ್ಕೆ ಸಲಹೆ ಕೊಡಲು ರಚಿತವಾದ ಸಮಿತಿಯಲ್ಲಿ ಬೆಲ್ ಪ್ರಯೋಗಾಲಯದ ಡೆನ್ನಿಸ್ ರಿಚಿ, ಅಂದರೆ ಸಿ ಭಾಷೆಯ ಕರ್ತೃವೇ, ಇದ್ದರು. ಮ್ಯಾಸಚೂಸೆಟ್ಸಿನ ಬಿಬಿಎನ್ ಕಂಪನಿಯಲ್ಲಿ ರಾಬ್ ಗರ್ವಿಟ್ಜ್ ಬರೆದಿದ್ದ ಟಿಸಿಪಿ/ಐಪಿ ಪ್ರೋಗ್ರಾಮು, ಎಂದರೆ ಇಂದಿನ ಅಂತರ್ಜಾಲದ ಆಧಾರವಾದ ಸಂವಹನ ನಿಯಮಗಳ ಒಂದು ಆರಂಭದ ರೂಪ, ಜಾಯ್ ಕೈಗೆ ಬಂದಿತು. ಅವರು ಅದನ್ನು ಬರ್ಕ್ಲಿಯ ಯೂನಿಕ್ಸಿನ ಕರ್ನಲ್‌ಗೆ, ಅಂದರೆ ಅದರ ತಿರುಳಿಗೆ, ಹೊಂದಿಸಿ, ವೇಗ ಹೆಚ್ಚುವಂತೆ ಬಹಳಷ್ಟು ತಿದ್ದಿ, 1982ರ ಪ್ರಾಯೋಗಿಕ ಆವೃತ್ತಿಯಲ್ಲಿ ಹೊರತಂದರು. ಅದೇ ವರ್ಷ ಜಾಯ್ ಸನ್ ಕಂಪನಿಗೆ ಹೊರಟುಹೋದ ಮೇಲೆ ಉಳಿದ ಕೆಲಸವನ್ನು ಸ್ಯಾಮ್ ಲೆಫ್ಲರ್ ಮುಗಿಸಿದರು, ಮತ್ತು 1983ರ ಆಗಸ್ಟಿನಲ್ಲಿ 4.2ಬಿಎಸ್‌ಡಿ ಎಂಬ ಹೆಸರಿನಲ್ಲಿ ಅದು ಬಿಡುಗಡೆಯಾಯಿತು. ಆರ್ಪಾನೆಟ್ ತನ್ನ ಹಳೆಯ ಪ್ರೋಟೊಕಾಲನ್ನು ಕೈಬಿಟ್ಟು ಟಿಸಿಪಿ/ಐಪಿಗೆ ಬದಲಾದದ್ದು ಆ ವರ್ಷದ ಜನವರಿ 1ರಂದು ಆದ್ದರಿಂದ ಬರ್ಕ್ಲಿಯವರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ.

ಸರ್ವರ್, ಅಂದರೆ ಸೇವೆ ಕೊಡಲು ಕಾಯುವ ಪ್ರೋಗ್ರಾಮು, ಈ ಇಂಟರ್‌ಫೇಸಿನಲ್ಲಿ ಮೊದಲು ಸಾಕೆಟ್ ಎಂಬ ಕರೆಯಿಂದ ತುದಿಯೊಂದನ್ನು ಪಡೆದು, ಬೈಂಡ್ ಕರೆಯಿಂದ ಅದಕ್ಕೆ ವಿಳಾಸ ಮತ್ತು ಪೋರ್ಟ್ ಸಂಖ್ಯೆಯನ್ನು ಅಂಟಿಸಿ, ಲಿಸನ್ ಕರೆಯಿಂದ ತಾನು ಕರೆಗಳಿಗೆ ಸಿದ್ಧವೆಂದು ಕರ್ನಲ್‌ಗೆ ತಿಳಿಸಿ, ಆಮೇಲೆ ಆಕ್ಸೆಪ್ಟ್ ಕರೆಯಲ್ಲಿ ಕಾಯುತ್ತ ಕೂರುತ್ತದೆ. ಕ್ಲೈಂಟ್, ಅಂದರೆ ಸೇವೆ ಕೇಳುವ ಪ್ರೋಗ್ರಾಮು, ಸಾಕೆಟ್ ಪಡೆದು ಕನೆಕ್ಟ್ ಎಂದರೆ ಸಾಕು. ಇಲ್ಲಿನ ಜಾಣತನ ಆಕ್ಸೆಪ್ಟ್‌ನಲ್ಲಿದೆ. ಅದು ಕಾಯುತ್ತಿದ್ದ ಸಾಕೆಟನ್ನು ಹಾಗೆಯೇ ಬಿಟ್ಟು, ಬಂದ ಪ್ರತಿಯೊಂದು ಕರೆಗೂ ಹೊಸ ಸಾಕೆಟೊಂದನ್ನು ಕೊಡುವುದರಿಂದ ಒಂದೇ ಬಾಗಿಲಲ್ಲಿ ನಿಂತ ಸರ್ವರ್ ಹಲವರೊಡನೆ ಬೇರೆಬೇರೆಯಾಗಿ ವ್ಯವಹರಿಸಬಹುದು. ಹೀಗೆ ಸಿಕ್ಕ ಸಾಕೆಟ್ ಒಂದು ಸಣ್ಣ ಪೂರ್ಣಾಂಕವಾಗಿದ್ದು, ತೆರೆದ ಫೈಲಿಗೆ ಯೂನಿಕ್ಸ್ ಕೊಡುವ ಸಂಖ್ಯೆಗಳ ಸಾಲಿನಲ್ಲೇ ಬರುತ್ತದೆ. ಆದ್ದರಿಂದ ಫೈಲನ್ನು ಓದುವ ರೀಡ್, ಬರೆಯುವ ರೈಟ್ ಕರೆಗಳೇ ಇಲ್ಲಿಯೂ ನಡೆಯುತ್ತವೆ. ತೆರೆಯುವಾಗ ಫೈಲಲ್ಲ, ತೆರೆದ ಮೇಲೆ ಫೈಲು ಎಂಬ ಈ ಇಬ್ಬಂದಿತನವನ್ನು ಯೂನಿಕ್ಸಿನ ಮಡಿವಂತರು ಕೊನೆಗೂ ಕ್ಷಮಿಸಲಿಲ್ಲ. ಬೆಲ್ ಪ್ರಯೋಗಾಲಯದವರು ಮುಂದೆ ಕಟ್ಟಿದ ಪ್ಲಾನ್ 9 ಎಂಬ ವ್ಯವಸ್ಥೆಯಲ್ಲಿ ಜಾಲವನ್ನು ಮತ್ತೆ ಪೂರ್ತಿಯಾಗಿ ಫೈಲುಗಳ ರೂಪಕ್ಕೆ ತಂದರು. ಅದು ಹೆಚ್ಚು ಅಚ್ಚುಕಟ್ಟಾದ ಪರಿಹಾರವೆಂಬುದರಲ್ಲಿ ಅನುಮಾನವಿಲ್ಲ, ಬಳಸಿದವರು ಮಾತ್ರ ಕಡಿಮೆ.

ಇಂಟರ್‌ಫೇಸು ಹುಟ್ಟಿದ ಕಾಲದ ಗುರುತುಗಳು ಅದರ ಮೈಮೇಲೆ ಇನ್ನೂ ಉಳಿದಿವೆ. ಬರ್ಕ್ಲಿಯವರು ಟಿಸಿಪಿ/ಐಪಿಯೊಂದನ್ನೇ ನಂಬಿ ಕೂರದೆ, ಯಾವ ಪ್ರೋಟೊಕಾಲ್ ಬಂದರೂ ಅದೇ ಕರೆಗಳು ಸಾಲಬೇಕೆಂದು ವಿಳಾಸಕ್ಕೆ ಸಾಮಾನ್ಯ ರೂಪವೊಂದನ್ನು ಗೊತ್ತುಮಾಡಿದರು: ವಿಳಾಸದ ಬಗೆಯನ್ನು ಹೇಳಲು 2 ಬೈಟ್, ವಿಳಾಸಕ್ಕೆ 14 ಬೈಟ್. ಅಂತರ್ಜಾಲದ ವಿಳಾಸಕ್ಕೆ ಪೋರ್ಟಿನ 2 ಬೈಟ್ ಮತ್ತು ಐಪಿ ಸಂಖ್ಯೆಯ 4 ಬೈಟ್ ಮಾತ್ರ ಬೇಕಿದ್ದುದರಿಂದ ಉಳಿದ 8 ಬೈಟ್‌ಗಳನ್ನು ಸೊನ್ನೆಯಿಂದ ತುಂಬುವ ಪದ್ಧತಿ ಬಂದಿತು, ಮತ್ತು ಆ ಎಂಟು ಸೊನ್ನೆಗಳು ಇಂದಿನ ಹೆಡರ್ ಫೈಲುಗಳಲ್ಲೂ ಇವೆ. ಯಾವ ಬಗೆಯ ದತ್ತಾಂಶವನ್ನಾದರೂ ತೋರಿಸಬಲ್ಲ ವಾಯ್ಡ್ ಪಾಯಿಂಟರ್ ಸಿ ಭಾಷೆಯ ಮಾನಕದಲ್ಲಿ ಸೇರಿದ್ದು 1989ರಲ್ಲಿ. ಅದಕ್ಕೂ ಮೊದಲೇ ರೂಪುಗೊಂಡ ಈ ಇಂಟರ್‌ಫೇಸಿನಲ್ಲಿ ಪ್ರೋಗ್ರಾಮರ್ ತನ್ನ ವಿಳಾಸದ ಪಾಯಿಂಟರನ್ನು ಸಾಮಾನ್ಯ ರೂಪದ ಪಾಯಿಂಟರ್ ಎಂದು ಬಲವಂತವಾಗಿ ಪರಿವರ್ತಿಸಿ ಕೊಡಬೇಕು, ಜೊತೆಗೆ ಅದರ ಉದ್ದವನ್ನೂ ಹೇಳಬೇಕು. ಅಂಕಿಗಳ ವಿಷಯ ಇನ್ನೂ ಕುತೂಹಲಕರ. ಬರ್ಕ್ಲಿಯವರು ಬಳಸುತ್ತಿದ್ದ ವ್ಯಾಕ್ಸ್ ಕಂಪ್ಯೂಟರು ಸಂಖ್ಯೆಯ ಕೆಳಗಿನ ಬೈಟನ್ನು ಮೊದಲು ಇಡುತ್ತಿತ್ತು, ಜಾಲದ ನಿಯಮ ಮೇಲಿನ ಬೈಟನ್ನು ಮೊದಲು ಕಳುಹಿಸಬೇಕೆನ್ನುತ್ತಿತ್ತು. ಹೀಗಾಗಿ ತಿರುವುಹಾಕುವ ಫಂಕ್ಷನ್ನನ್ನು ಮರೆತವನ ಪೋರ್ಟ್ 80 ಜಾಲದಲ್ಲಿ 20480 ಆಗಿ ಕಾಣಿಸಿಕೊಳ್ಳುತ್ತದೆ. ಇಂದಿನ ಹೆಚ್ಚಿನ ಪ್ರೊಸೆಸರುಗಳೂ ವ್ಯಾಕ್ಸಿನ ಕ್ರಮವನ್ನೇ ಪಾಲಿಸುವುದರಿಂದ ಹೊಸಬರು ಈ ಎಡವಟ್ಟಿಗೆ ಈಗಲೂ ಬೀಳುತ್ತಾರೆ.

4.2ಬಿಎಸ್‌ಡಿಗೆ ಹದಿನೆಂಟು ತಿಂಗಳಲ್ಲಿ 1000ಕ್ಕೂ ಹೆಚ್ಚು ಪರವಾನಗಿಗಳು ಹೋದವು. ಹಿಂದಿನ ಬರ್ಕ್ಲಿ ಆವೃತ್ತಿಗಳೆಲ್ಲ ಒಟ್ಟುಸೇರಿದರೂ ಅಷ್ಟು ಹಂಚಿಕೆಯಾಗಿರಲಿಲ್ಲ. ಎಟಿ&ಟಿ ಕಂಪನಿ 1980ರ ದಶಕದ ನಡುವಿನಲ್ಲಿ ತನ್ನ ಸಿಸ್ಟಮ್ ಫೈವ್ ಯೂನಿಕ್ಸಿಗೆ ಟಿಎಲ್‌ಐ ಎಂಬ ಪ್ರತಿಸ್ಪರ್ಧಿ ಇಂಟರ್‌ಫೇಸನ್ನು ತಂದಿತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ಓಎಸ್‌ಐ ಪ್ರೋಟೊಕಾಲುಗಳೇ ಮುಂದೆ ಗೆಲ್ಲುತ್ತವೆಂಬ ಎಣಿಕೆ ಅದರ ರೂಪದಲ್ಲೇ ಕಾಣುತ್ತದೆ. ಆ ಎಣಿಕೆ ತಪ್ಪಾಯಿತು. ಇತ್ತ ಬರ್ಕ್ಲಿಯವರು 1989ರ ಜೂನಿನಲ್ಲಿ ಎಟಿ&ಟಿಯ ಪರವಾನಗಿಯ ಹಂಗಿಲ್ಲದ ತಮ್ಮ ಜಾಲದ ಭಾಗವನ್ನಷ್ಟೇ ಬೇರ್ಪಡಿಸಿ, ಮೂಲ ಕರ್ತೃಗಳ ಹೆಸರು ಉಳಿಸಿಕೊಂಡು ಯಾರು ಬೇಕಾದರೂ ಬಳಸಬಹುದು, ಮರುಹಂಚಬಹುದು ಎಂಬ ಷರತ್ತಿನಲ್ಲಿ ಬಿಡುಗಡೆ ಮಾಡಿದರು. ಟೇಪಿಗೆ 1000 ಡಾಲರ್ ಬೆಲೆಯಿದ್ದರೂ ಒಬ್ಬರು ಕೊಂಡು ಊರಿಗೆಲ್ಲ ಹಂಚಲು ಅಡ್ಡಿಯಿರಲಿಲ್ಲ. ಸ್ವಂತವಾಗಿ ಟಿಸಿಪಿ ಬರೆಯುವುದಕ್ಕಿಂತ ಇದನ್ನು ತೆಗೆದುಕೊಳ್ಳುವುದೇ ಲಾಭವೆಂದು ಕಂಪನಿಗಳಿಗೆ ತೋರಿದಾಗ ಅದರೊಂದಿಗೆ ಸಾಕೆಟ್ ಇಂಟರ್‌ಫೇಸೂ ಒಳಹೊಕ್ಕಿತು. ವಿಂಡೋಸ್‌ಗಾಗಿ ಹಲವು ಕಂಪನಿಗಳು ಕೂಡಿ ಸಿದ್ಧಪಡಿಸಿದ ವಿನ್‌ಸಾಕ್ ನಿಯಮಾವಳಿಯ 1.1ನೆಯ ಆವೃತ್ತಿ 1993ರ ಜನವರಿಯಲ್ಲಿ ಹೊರಬಂದಾಗ ಅದೂ ಬರ್ಕ್ಲಿಯ ಹೆಸರುಗಳನ್ನೇ ಉಳಿಸಿಕೊಂಡಿತ್ತು. ಅಲ್ಲಿ ಸಾಕೆಟ್ ಫೈಲಿನ ಸಾಲಿಗೆ ಸೇರದ ಕಾರಣ ಮುಚ್ಚುವುದಕ್ಕೆ ಬೇರೆಯೇ ಕರೆ ಬೇಕಾಯಿತು.

ಭಾರತದಲ್ಲೂ ಇದೇ ಪೈಪೋಟಿ ನಡೆಯಿತು. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಆರಂಭಿಸಿದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ಕೇಂದ್ರವಾಗಿದ್ದ ಎರ್ನೆಟ್ ಜಾಲ ಟಿಸಿಪಿ/ಐಪಿ ಮತ್ತು ಓಎಸ್‌ಐ ಎರಡನ್ನೂ ಜೊತೆಜೊತೆಗೆ ನಡೆಸಲು ಹೊರಟಿತ್ತು; 1995ರ ಹೊತ್ತಿಗೆ ಅದರ ಸಂಚಾರವೆಲ್ಲ ಹೆಚ್ಚುಕಡಿಮೆ ಟಿಸಿಪಿ/ಐಪಿಯದೇ ಆಗಿತ್ತು. ಕ್ಲೈಂಟ್ ಒಂದು ಫೈಲಿನ ಹೆಸರನ್ನು ಕಳುಹಿಸಿದರೆ ಸರ್ವರ್ ಅದರ ಒಳಗನ್ನು ಮರಳಿ ಕಳುಹಿಸುವ ಸಾಕೆಟ್ ಪ್ರೋಗ್ರಾಮು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲ ಪ್ರಯೋಗಾಲಯದ ಪಟ್ಟಿಯಲ್ಲಿದ್ದುದರಿಂದ ಕರ್ನಾಟಕದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬೈಂಡ್, ಲಿಸನ್, ಆಕ್ಸೆಪ್ಟ್ ಎಂಬ ಕ್ರಮ ಬಾಯಿಪಾಠವಾಗಿತ್ತು.

ಬಳಕೆ ಬೆಳೆದಂತೆ ಕೊರತೆಗಳು ಹೊರಬಿದ್ದವು. ಹಲವು ಸಾಕೆಟುಗಳಲ್ಲಿ ಯಾವುದಕ್ಕೆ ಮಾಹಿತಿ ಬಂದಿದೆಯೆಂದು ಕೇಳುವ ಸೆಲೆಕ್ಟ್ ಕರೆ 4.2ಬಿಎಸ್‌ಡಿಯಲ್ಲಿ 32 ಬಿಟ್‌ಗಳ ಒಂದು ಸಂಖ್ಯೆಯಲ್ಲಿ ಉತ್ತರ ಹೇಳುತ್ತಿತ್ತು, ಆ ಕಾಲಕ್ಕೆ ಅಷ್ಟು ಧಾರಾಳವಾಗಿಯೇ ಇತ್ತು. ಒಂದೇ ಸರ್ವರಿಗೆ ಹತ್ತು ಸಾವಿರ ಸಂಪರ್ಕಗಳ ಪ್ರಶ್ನೆ ಎದುರಾದಾಗ ಫ್ರೀಬಿಎಸ್‌ಡಿಯಲ್ಲಿ 2000ದಲ್ಲಿ ಕೆಕ್ಯೂ, ಲಿನಕ್ಸಿನಲ್ಲಿ 2002ರಲ್ಲಿ ಈಪೋಲ್ ಎಂಬ ಹೊಸ ಏರ್ಪಾಡುಗಳು ಬಂದವು. ಐಪಿಯ ಹೊಸ ಆವೃತ್ತಿಯಾದ ಐಪಿವಿ6ರ ವಿಳಾಸದ ರೂಪಕ್ಕೆ 28 ಬೈಟ್ ಬೇಕಾದಾಗ ಹಳೆಯ 16 ಬೈಟ್‌ಗಳ ರೂಪ ಸಾಲದೆ, ಎಲ್ಲ ವಿಳಾಸಗಳೂ ಹಿಡಿಸುವ ದೊಡ್ಡ ರೂಪವೊಂದನ್ನು ಪಕ್ಕದಲ್ಲಿ ಸೇರಿಸಲಾಯಿತು. ಹಳೆಯದನ್ನು ಯಾರೂ ತೆಗೆಯಲಿಲ್ಲ. ತೆಗೆದಿದ್ದರೆ ಮುರಿದುಬೀಳುವ ಪ್ರೋಗ್ರಾಮುಗಳಿಗೆ ಲೆಕ್ಕವಿರುತ್ತಿರಲಿಲ್ಲ. ಓದುಬರಹದ ಬೇಡಿಕೆಗಳನ್ನು ಸರದಿಯಲ್ಲಿಟ್ಟು ಕರ್ನಲ್‌ಗೆ ಒಪ್ಪಿಸುವ ಐಓ ಯೂರಿಂಗ್ ಎಂಬ ಕ್ರಮ 2019ರಲ್ಲಿ ಲಿನಕ್ಸಿಗೆ ಸೇರಿತು, ಮತ್ತು ಅದು ಬಂದಾಗಲೂ ಸಂಪರ್ಕದ ತುದಿಯನ್ನು ಪಡೆಯಲು ಪ್ರೋಗ್ರಾಮರ್ ಬರೆಯಬೇಕಿದ್ದುದು 1983ರ ಸಾಕೆಟ್ ಕರೆಯನ್ನೇ.